ಸದ್ದು ಬಂದಲ್ಲೆಲ್ಲ ಎಣ್ಣೆ ಬಿಡಬಹುದೇ? ಬ್ರೇಕ್ ಪ್ಯಾಡ್ ಮೂಲಕ ಘರ್ಷಣೆ ಮತ್ತು ಒತ್ತಡದ ಪುನರಾವರ್ತನೆ

ಬೋಧನಾಭ್ಯಾಸದ ಅವಧಿಯಲ್ಲಿ ಉತ್ತರಹಳ್ಳಿಯ ಪ್ರೌಢಶಾಲೆಯೊಂದರ 8ನೇ ತರಗತಿಗೆ ‘ಬಲ ಮತ್ತು ಒತ್ತಡ’ ಹಾಗೂ ‘ಘರ್ಷಣೆ’ ಘಟಕಗಳನ್ನು ಒಟ್ಟಿಗೆ ಪುನರಾವರ್ತನೆ ಮಾಡಿಸಬೇಕಿತ್ತು. ಎರಡೂ ಘಟಕಗಳು ಒಂದೇ ಯಂತ್ರದಲ್ಲಿ ಕೂಡುವ ಉದಾಹರಣೆಯಾಗಿ ಕಾರಿನ ಡಿಸ್ಕ್ ಬ್ರೇಕನ್ನು ಆರಿಸಿಕೊಂಡೆ. ಇತ್ತೀಚೆಗೆ ಅಣ್ಣ ಮತ್ತು ನಾನು ಮನೆಯ ಹಳೆಯ ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ನಾವೇ ಬದಲಾಯಿಸಿದ್ದೆವು. ಆಮೇಲೆ ಕಂಡ ತೊಂದರೆಗಳೇ ಪಾಠದ ಸಾಮಗ್ರಿಯಾದವು.

ಕಲಿಕಾ ಫಲ: ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು ಎಂದು ವಿದ್ಯಾರ್ಥಿ ಅರಿಯುವುದು, ಆ ಕಾರಣಗಳನ್ನು ಬೇರ್ಪಡಿಸುವ ಪರೀಕ್ಷೆಯನ್ನು ತಾನೇ ಸೂಚಿಸುವುದು.

ಕಲಿಕೋಪಕರಣಗಳು: ಸವೆದ ಹಳೆಯ ಪ್ಯಾಡ್, 20 ಮಿ.ಲೀ. ಮತ್ತು 5 ಮಿ.ಲೀ. ಸಿರಿಂಜ್‌ಗಳು (ಸೂಜಿ ಇಲ್ಲದವು), ಅವುಗಳನ್ನು ಜೋಡಿಸುವ ಪ್ಲಾಸ್ಟಿಕ್ ನಳಿಕೆ, ರಬ್ಬರ್ ತುಂಡು, ಸ್ಟೀಲ್ ತಟ್ಟೆ, ಸ್ಪ್ರಿಂಗ್ ತ್ರಾಸು, ಕೊಬ್ಬರಿ ಎಣ್ಣೆ.

ಮೊದಲ ಲಕ್ಷಣ: ಪೆಡಲ್ ಆಳಕ್ಕೆ ಇಳಿಯುವುದು

ಹೊಸ ಪ್ಯಾಡ್ ದಪ್ಪಗಿರುತ್ತದೆ. ಅದನ್ನು ಕೂರಿಸಲು ಕ್ಯಾಲಿಪರ್‌ನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಕೆಲಸ ಮುಗಿದ ಮೇಲೆ ಮೊದಲ ಸಲ ತುಳಿದರೆ ಪೆಡಲ್ ಸರ್ರನೆ ಕೆಳಗಿಳಿಯುತ್ತದೆ. ಏಕೆ ಎಂಬುದನ್ನು ಹಲಗೆಯ ಮೇಲೆ ಲೆಕ್ಕ ಮಾಡಿದೆವು. ಲೆಕ್ಕಕ್ಕಾಗಿ ಮಾಸ್ಟರ್ ಸಿಲಿಂಡರ್‌ನ ವಿಸ್ತೀರ್ಣ 3 ಚ.ಸೆಂ.ಮೀ., ಕ್ಯಾಲಿಪರ್ ಪಿಸ್ಟನ್ನಿನದು 20 ಚ.ಸೆಂ.ಮೀ. ಎಂದುಕೊಂಡೆವು. ಮಾಸ್ಟರ್ ಸಿಲಿಂಡರ್ ಮೇಲೆ 300 ನ್ಯೂಟನ್ ಬಲ ಬಿದ್ದರೆ ಒತ್ತಡ ಪ್ರತಿ ಚ.ಸೆಂ.ಮೀ.ಗೆ 100 ನ್ಯೂಟನ್. ಪ್ಯಾಸ್ಕಲ್ ನಿಯಮದಂತೆ ಅದೇ ಒತ್ತಡ ಕ್ಯಾಲಿಪರ್‌ಗೂ ತಲುಪುತ್ತದೆ. ಅಲ್ಲಿ ಬಲ 2,000 ನ್ಯೂಟನ್ ಆಗುತ್ತದೆ.

ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು. ಕ್ಯಾಲಿಪರ್ ಪಿಸ್ಟನ್ 3 ಮಿ.ಮೀ. ಮುಂದೆ ಬರಲು ಮಾಸ್ಟರ್ ಸಿಲಿಂಡರ್ 20 ಮಿ.ಮೀ. ಚಲಿಸಬೇಕು. ಎರಡು ಚಕ್ರಗಳು ಸೇರಿದರೆ 40 ಮಿ.ಮೀ. ಒಂದೇ ತುಳಿತಕ್ಕೆ ಅಷ್ಟು ದೂರ ಸಿಗುವುದಿಲ್ಲ. ಆದ್ದರಿಂದ ಗಾಡಿ ನಿಂತಿರುವಾಗಲೇ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಬೇಕು.

ಹಾಗೆ ತುಳಿದ ಮೇಲೂ ಸ್ಪಂಜಿನಂತೆ ಮೆತ್ತಗಿದ್ದರೆ? ನೀರು ತುಂಬಿದ ಸಿರಿಂಜ್‌ಗಳಲ್ಲಿ ಒಂದನ್ನು ಒತ್ತಿದಾಗ ಇನ್ನೊಂದು ಕೂಡಲೇ ಎದ್ದಿತು. ನಳಿಕೆಯಲ್ಲಿ ಸ್ವಲ್ಪ ಗಾಳಿ ಬಿಟ್ಟಾಗ ಮೊದಲು ಗಾಳಿ ಕುಗ್ಗಿತು, ಆಮೇಲಷ್ಟೇ ಇನ್ನೊಂದು ಅಲುಗಿತು. “ಪೈಪಲ್ಲಿ ಗಾಳಿ ಸೇರ್ಕೊಂಡಿದೆ ಮಿಸ್” ಎಂದು ಉತ್ತರ ಹಿಂದಿನ ಬೆಂಚಿನಿಂದ ಬಂತು. ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋದರೆ ಸೋರಿಕೆ ಇರಬಹುದು, ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿರಬಹುದು ಎಂಬುದನ್ನು ನಾನು ಸೇರಿಸಿದೆ.

ಎರಡನೇ ಲಕ್ಷಣ: ಕೀರಲು ಸದ್ದು

ಪಾಠದ ಮುಖ್ಯ ತಿರುವು ಇಲ್ಲಿ ಬಂತು. “ಸ್ವಲ್ಪ ಎಣ್ಣೆ ಬಿಟ್ರೆ ಸದ್ದು ನಿಲ್ಲುತ್ತಲ್ವಾ ಮಿಸ್?” ಎಂದು ಒಬ್ಬ ಕೇಳಿದ. ಹಲವರು ತಲೆಯಾಡಿಸಿದರು. ಬಾಗಿಲ ಕೀಲಿಗೆ, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಅವರು ಓದಿದ್ದಾರೆ, ಮನೆಯಲ್ಲಿ ನೋಡಿದ್ದಾರೆ. ಓದಿದ್ದನ್ನೇ ಅನ್ವಯಿಸಿದ್ದಾರೆ. ಆದರೆ ಈ ಅನ್ವಯ ಪ್ರಾಣಕ್ಕೆ ಕುತ್ತು ತರಬಲ್ಲದು.

ಉತ್ತರ ಹೇಳುವ ಬದಲು ರಬ್ಬರ್ ತುಂಡಿನ ಮೇಲೆ ತೂಕವಿಟ್ಟು, ಒಣ ಸ್ಟೀಲ್ ತಟ್ಟೆಯ ಮೇಲೆ ಸ್ಪ್ರಿಂಗ್ ತ್ರಾಸಿನಿಂದ ಎಳೆಸಿದೆ. ಅನಂತರ ತಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಮತ್ತೆ ಎಳೆಸಿದೆ. ತ್ರಾಸಿನ ಮುಳ್ಳು ಎಷ್ಟು ಕೆಳಗೆ ನಿಂತಿತೆಂದು ಅವರೇ ಓದಿದರು. “ಹಂಗಾದ್ರೆ ಬ್ರೇಕೇ ಹಿಡಿಯಲ್ಲ!” ಎಂದು ಪ್ರಶ್ನೆ ಕೇಳಿದವನೇ ಹೇಳಿದ.

ಬಳಿಕ ಹಲಗೆಯನ್ನು ಎರಡು ಭಾಗ ಮಾಡಿದೆ. ಘರ್ಷಣೆ ಬೇಕಾದ ಜಾಗ: ಪ್ಯಾಡ್‌ನ ಮುಖ, ಡಿಸ್ಕ್‌ನ ಎರಡೂ ಮೈ. ಘರ್ಷಣೆ ಬೇಡದ ಜಾಗ: ಕ್ಯಾಲಿಪರ್ ಜಾರುವ ಪಿನ್‌ಗಳು. ಪಿನ್‌ಗಳಿಗೆ ಶಾಖ ತಡೆಯುವ, ರಬ್ಬರಿಗೆ ಹಾನಿ ಮಾಡದ ಗ್ರೀಸ್ ಹಚ್ಚುತ್ತಾರೆ. ಪ್ಯಾಡ್‌ನ ಮುಖಕ್ಕೆ ಬೆರಳಿನ ಜಿಡ್ಡೂ ತಾಗಬಾರದು. ‘ಬ್ರೇಕ್ ಆಯಿಲ್’ ಎಂಬ ಹೆಸರು ಕೂಡ ದಾರಿ ತಪ್ಪಿಸುತ್ತದೆ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಪೆಟ್ರೋಲಿಯಂ ಎಣ್ಣೆಗಳಲ್ಲ. ಆ ಜಾಗಕ್ಕೆ ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಕೆಡುತ್ತವೆ.

ಹಾಗಾದರೆ ಸದ್ದಿಗೆ ಕಾರಣವೇನು? ಹೊಸ ಪ್ಯಾಡ್ ಡಿಸ್ಕ್‌ಗೆ ಇನ್ನೂ ಹೊಂದಿಕೊಂಡಿಲ್ಲದಿರಬಹುದು, ಕ್ಲಿಪ್ ಸಡಿಲವಾಗಿರಬಹುದು, ಪ್ಯಾಡ್ ಹಿಂದಿನ ತೆಳು ತಗಡು ಬಿಟ್ಟುಹೋಗಿರಬಹುದು, ಡಿಸ್ಕ್ ಅಂಚಿನಲ್ಲಿ ತುಕ್ಕಿನ ಏಣು ಇರಬಹುದು. ಮೊದಲನೆಯದು ಓಡಿಸಿದಂತೆ ಕಡಿಮೆಯಾಗುತ್ತದೆ. ಉಳಿದವು ಬಿಚ್ಚಿ ನೋಡದೆ ಹೋಗುವುದಿಲ್ಲ. ಲೋಹಕ್ಕೆ ಲೋಹ ಉಜ್ಜುವ ಸದ್ದಾದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು.

ಮೂರನೇ ಲಕ್ಷಣ: ಒಂದೇ ಚಕ್ರ ಬಿಸಿಯಾಗುವುದು

ನಮ್ಮ ಕಾರಿನಲ್ಲಿ ಕಂಡದ್ದು ಇದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ, ಎಡ ಚಕ್ರದ ಬಳಿ ಕೈ ಹಿಡಿದರೆ ಬಲ ಚಕ್ರಕ್ಕಿಂತ ಹೆಚ್ಚು ಝಳ. (ಡಿಸ್ಕ್ ಮುಟ್ಟಿದರೆ ಕೈ ಸುಡುತ್ತದೆ.) ಮೂರು ಕಾರಣಗಳನ್ನು ಚೀಟಿಗಳಲ್ಲಿ ಬರೆದು ಗುಂಪುಗಳಿಗೆ ಕೊಟ್ಟೆ: ಪಿಸ್ಟನ್ ಅಂಟಿಕೊಂಡಿದೆ, ಸ್ಲೈಡ್ ಪಿನ್ ತುಕ್ಕು ಹಿಡಿದಿದೆ, ರಬ್ಬರ್ ಹೋಸ್ ಒಳಗೆ ಕಟ್ಟಿಕೊಂಡಿದೆ. ಪ್ರತಿ ಗುಂಪೂ ತನ್ನ ಕಾರಣ ನಿಜವಾದರೆ ಏನು ಕಾಣಬೇಕು ಎಂದು ಬರೆಯಬೇಕಿತ್ತು.

ಆಮೇಲೆ ಮನೆಯಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳಿದೆ. ಪಿಸ್ಟನ್ ಒತ್ತಿದಾಗ ಸಲೀಸಾಗಿ ಹಿಂದೆ ಸರಿಯಿತು. ಸರಿಯುವಾಗ ದ್ರವ ಹೋಸ್ ಮೂಲಕ ಅಡ್ಡಿಯಿಲ್ಲದೆ ಮೇಲಿನ ಡಬ್ಬಿಗೆ ಮರಳಿತು. ಕೆಳಗಿನ ಪಿನ್ ಮಾತ್ರ ಕೈಯಿಂದ ಎಳೆದರೂ ಅಲುಗಲಿಲ್ಲ. ಮಕ್ಕಳು ಎರಡು ಚೀಟಿಗಳನ್ನು ತಾವಾಗಿ ಮಗುಚಿಟ್ಟರು. ಹರಿದ ರಬ್ಬರ್ ಮುಸುಕಿನಿಂದ ನೀರು, ಧೂಳು ಒಳಗೆ ಸೇರಿ ಪಿನ್ ತುಕ್ಕು ಹಿಡಿದಿತ್ತು. ಪಿನ್ ಮತ್ತು ಮುಸುಕು ಬದಲಾದ ಮೇಲೆ ಎರಡೂ ಚಕ್ರಗಳ ಬಿಸಿ ಸಮವಾಯಿತು.

ಬಿಸಿಯಿಂದ ಇನ್ನೊಂದು ಅಪಾಯವಿದೆ. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 4 ದ್ರವದ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ. ನಂದಿಬೆಟ್ಟದಂಥ ಇಳಿಜಾರಿನಲ್ಲಿ ಹಳೆಯ ದ್ರವ ಕುದ್ದು ಆವಿಯಾದರೆ, ಸಿರಿಂಜ್‌ನಲ್ಲಿ ಕಂಡ ಗಾಳಿಗುಳ್ಳೆಯ ಕಥೆಯೇ ರಸ್ತೆಯಲ್ಲಿ ನಡೆಯುತ್ತದೆ.

ಮೌಲ್ಯಮಾಪನ ಮತ್ತು ಸಹಪಾಠಿಗಳಿಗೆ ಸೂಚನೆ

ಮನೆಗೆಲಸವಾಗಿ ಒಂದು ಪ್ರಶ್ನೆ ಕೊಟ್ಟೆ: “ಸೈಕಲ್‌ನ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಮೂರು ಕಾರಣ, ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಬರೆಯಿರಿ.” ಹೆಚ್ಚಿನವರು ಕಾರಣಗಳನ್ನು ಬರೆದರು, ಪರೀಕ್ಷೆ ಸೂಚಿಸಿದವರು ಅದಕ್ಕಿಂತ ಕಡಿಮೆ. ಈ ಪಾಠ ಮಾಡುವವರು ಚೀಟಿಯ ಚಟುವಟಿಕೆಗೆ ಒಂದು ಪೂರ್ಣ ಅವಧಿ ಮೀಸಲಿಡುವುದು ಒಳ್ಳೆಯದು.

ಈ ಪಾಠ ರಿಪೇರಿ ತರಬೇತಿಯಲ್ಲ ಎಂಬುದನ್ನೂ ತರಗತಿಯಲ್ಲೇ ಸ್ಪಷ್ಟಪಡಿಸಬೇಕು. ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಬಾರದು. ಪ್ಯಾಡ್‌ನ ಪುಡಿಯನ್ನು ಊದಬಾರದು. ಮನೆಯಲ್ಲಿ ಯಾರಾದರೂ ಪ್ಯಾಡ್ ಬದಲಾಯಿಸಿ ಪೆಡಲ್ ಮೆತ್ತಗಿದೆ ಎಂದರೆ ಮಕ್ಕಳು ಹೇಳಬೇಕಾದ ಮಾತು ಒಂದೇ: “ಮೆಕ್ಯಾನಿಕ್ ನೋಡೋವರೆಗೂ ಗಾಡಿ ರಸ್ತೆಗೆ ಇಳಿಸಬೇಡಿ.”