ಮುತ್ಯಾನ ಹಿತ್ತಲು ಕಲಿಸಿದ ಪಾಠ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ನಮ್ಮ ಸೀಮೆ ಜೋಳದ ಸೀಮೆ. ಎರೆ ಹೊಲ, ಹಿಂಗಾರಿ ಬಿಳಿಜೋಳ, ಕಡಲೆ, ತೊಗರಿಗಳ ವಿಷಯ ಬಂದರೆ ನೀವೇ ನನಗೆ ಪಾಠ ಹೇಳಬಲ್ಲಿರಿ. ಡೋಣಿ ಹರಿದರೆ ಓಣೆಲ್ಲ ಜೋಳ ಎಂಬ ಮಾತು ನಿಮ್ಮದೇ. ಆದರೆ ಜೋಳ ತುಂಬಿದ ಮನೆಯಲ್ಲಿ ರೊಟ್ಟಿಯ ಜೊತೆಗೆ ಪಲ್ಯ ಇದೆಯೆ? ವಾರದ ಸಂತೆಯಾಗಿ ನಾಲ್ಕು ದಿನ ಕಳೆದರೆ ಅನೇಕ ಮನೆಗಳಲ್ಲಿ ಶೇಂಗಾ ಹಿಂಡಿ, ಇಲ್ಲವೆ ಬೇಳೆ, ಅಷ್ಟೇ. ಹಿಂಡಿ ರುಚಿಯಾದದ್ದು ನಿಜ. ಆದರೆ ದೊಡ್ಡವರೊಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಕಾಯಿಪಲ್ಯ ಮತ್ತು ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಈ ಸಲದ ಪಾಠ ಹೊಲದ್ದಲ್ಲ, ಹಿತ್ತಲಿನದು. ಈ ಪಾಠವನ್ನು ನಾನು ಕಲಿತದ್ದು ಇಂಡಿ ತಾಲೂಕಿನ ಒಂದು ಹಳ್ಳಿಯ ಹಿರಿಯರಿಂದ. ಊರವರೆಲ್ಲ ಅವರನ್ನು ಮುತ್ಯಾ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಮುತ್ಯಾನಿಗೆ ಎಪ್ಪತ್ತೆಂಟು ದಾಟಿದೆ. ಸಮುದಾಯ ಅಭಿವೃದ್ಧಿ ಯೋಜನೆ ನಮ್ಮ ದೇಶದಲ್ಲಿ ಆರಂಭವಾದದ್ದು 1952ರ ಅಕ್ಟೋಬರ್ 2ರಂದು. ಮುಂದೆ ಅವರ ಊರಿಗೂ ಗ್ರಾಮಸೇವಕರು ಬಂದಾಗ ಅವರಿನ್ನೂ ಹುಡುಗರು. ಈಗ ನಮ್ಮ ಹುದ್ದೆಗಳ ಹೆಸರು ಬದಲಾಗಿದ್ದರೂ ನನ್ನನ್ನು ಅವರು ಗ್ರಾಮಸೇವಕ ಎಂದೇ ಕೂಗುತ್ತಾರೆ. ಮೊದಲ ಭೇಟಿಯಲ್ಲಿಯೇ ಅವರು ನಗುತ್ತ ಹೇಳಿದ ಮಾತಿದು:

“ತಮ್ಮಾ, ಆಗಿನ ಗ್ರಾಮಸೇವಕ ಸೈಕಲ್ ಮ್ಯಾಲ ಬರತಿದ್ದ, ನೀ ಫಟಫಟಿ ಮ್ಯಾಲ ಬರತಿ. ಅವ ಇಳದು ಕಟ್ಟಿ ಮ್ಯಾಲ ಕುಂಡರತಿದ್ದ. ನೀ ಗಾಡಿ ಬಂದ್ ಮಾಡೂದರಾಗ ಅರ್ಧಾ ಮಾತು ಮುಗಿಸಿರತಿ.”

ಅಂದಿನಿಂದ ನಾನು ಗಾಡಿಯನ್ನು ಅಗಸಿಯಲ್ಲಿಯೇ ನಿಲ್ಲಿಸಿ ನಡೆದು ಹೋಗುತ್ತೇನೆ. ಹಾಗೆ ನಡೆದುದರಿಂದಲೇ ಅವರ ಓಣಿಯ ಕಥೆ ನನಗೆ ತಿಳಿಯಿತು.

ಓಣಿಯ ಜಗಳ

ಮುತ್ಯಾನ ಮನೆಯ ಬಚ್ಚಲ ನೀರು ಮೊದಲು ಓಣಿಗೆ ಹರಿದು ನೆರೆಮನೆಯ ಬಾಗಿಲ ಮುಂದೆ ನಿಲ್ಲುತ್ತಿತ್ತು. ಒಂದು ದಿನ ಆ ಮನೆಯ ಸೊಸೆ ಕೊಡ ಹೊತ್ತು ಬರುವಾಗ ಕೆಸರಿನಲ್ಲಿ ಜಾರಿ ಬಿದ್ದಳು. ಕೊಡ ಒಡೆಯಿತು, ಮಾತು ಬೆಳೆಯಿತು. ಮೂರು ವರ್ಷ ಎರಡೂ ಮನೆಗಳ ನಡುವೆ ಮಾತಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಇಡೀ ಓಣಿ ಒಟ್ಟಾಗಿ ಹೊಲಕ್ಕೆ ಚರಗ ಚೆಲ್ಲಲು ಹೋದರೆ, ಈ ಎರಡು ಮನೆಗಳ ಬುತ್ತಿ ಬೇರೆ ಬೇರೆ ಬದುವಿನ ಮೇಲೆ ಬಿಚ್ಚುತ್ತಿತ್ತು.

“ಎರಡ ಕೊಡ ನೀರಿನ ಸಲುವಾಗಿ ಮೂರ ವರ್ಷದ ಹೋಳಿಗಿ ಕಳಕೊಂಡ್ವಿ” ಎಂದು ಮುತ್ಯಾ ಈಗ ನಗುತ್ತಾರೆ. ಆಗ ನಕ್ಕಿರಲಿಕ್ಕಿಲ್ಲ.

ಆ ನೀರನ್ನು ಮನೆಯ ಹಿಂದಕ್ಕೆ ತಿರುಗಿಸುವುದೇ ನಮ್ಮ ಮೊದಲ ಕೆಲಸವಾಯಿತು. ನೀವೂ ಮಾಡಿಕೊಳ್ಳಬಹುದು. ಕ್ರಮ ಹೀಗಿದೆ:

1. ಬಚ್ಚಲ ಮೋರಿಯ ತುದಿಯಲ್ಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೋಡಬೇಕು. ಗುಂಡಿ ಮನೆಯ ಗೋಡೆಗೆ ತಗುಲಿರಬಾರದು. ಕುಡಿಯುವ ನೀರಿನ ಬಾವಿ, ಕೊಳವೆಬಾವಿಗಳಿಂದಲೂ ದೂರವಿರಬೇಕು.

2. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಎಲ್ಲಕ್ಕೂ ಮೇಲೆ ದಪ್ಪ ಉಸುಕು ತುಂಬಬೇಕು. ನೀರು ಮೇಲೆ ನಿಂತರೆ ಸೊಳ್ಳೆಗಳಿಗೆ ತೊಟ್ಟಿಲು ಕಟ್ಟಿದಂತೆ. ಎರಡು ತಿಂಗಳಿಗೊಮ್ಮೆ ಮೇಲಿನ ಉಸುಕನ್ನು ತೆಗೆದು ತೊಳೆದು ಹಾಕಬೇಕು.

3. ಗುಂಡಿಯಿಂದ ಹೊರಬೀಳುವ ನೀರನ್ನು ಸಣ್ಣ ಕಾಲುವೆಯಿಂದ ಬಾಳೆ, ಪಪ್ಪಾಯಿ, ನುಗ್ಗೆ ಗಿಡಗಳಿಗೆ ಬಿಡಬೇಕು. ಸೊಪ್ಪಿನ ಮಡಿಗೆ, ಹಸಿಯಾಗಿ ತಿನ್ನುವ ಗಜ್ಜರಿ, ಮೂಲಂಗಿ, ಸವತೆಗೆ ಈ ನೀರು ಬೇಡ.

4. ಬಟ್ಟೆ ಒಗೆದ ಸೋಪಿನ ಮೊದಲ ನೀರನ್ನು ತೋಟಕ್ಕೆ ಬಿಡಬೇಡಿ. ಒಗೆಯುವ ಪುಡಿಯಲ್ಲಿರುವ ಸೋಡಾ ಅಂಶ ನಮ್ಮ ಎರೆ ಮಣ್ಣಿನಲ್ಲಿ ಕೂಡಿಕೊಂಡರೆ ಮಣ್ಣು ಬಿಗಿದು ನೀರು ಇಂಗುವುದಿಲ್ಲ. ಪಾತ್ರೆ ತೊಳೆದ ಬೂದಿನೀರು, ಮೈತೊಳೆದ ನೀರು ಸಾಕು.

ಮಡಿಯ ಮಾತು

ಮುತ್ಯಾನ ಹಿತ್ತಲು ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಅದಕ್ಕಿಂತ ದೊಡ್ಡದು ಬೇಡವೆಂಬುದು ಅವರ ಅಭಿಪ್ರಾಯ. “ದೊಡ್ಡ ತ್ವಾಟ ಮಾಡಿದ್ರ ಆಳು ಬೇಕು. ಸಣ್ಣದಕ್ಕ ಸೊಂಟ ಸಾಕು” ಎನ್ನುತ್ತಾರೆ.

ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಒಣಗಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಸಪಾಟು ಮಡಿಗಿಂತ ಒಂದು ಗೇಣು ಎತ್ತರದ ಮಡಿ ಒಳ್ಳೆಯದು. ಮಡಿಯ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಸ್ವಲ್ಪ ಉಸುಕನ್ನೂ ಬೆರೆಸಿದರೆ ಬೇರಿಗೆ ಗಾಳಿ ಸಿಗುತ್ತದೆ. ಮುಂಗಾರಿನಲ್ಲಿ ಹೀರೆ, ಬೆಂಡೆ, ಚವಳಿ, ಬದನೆ, ಪುಂಡಿ, ಚಳಿಗಾಲಕ್ಕೆ ಮೆಂತ್ಯ, ಪಾಲಕ, ಗಜ್ಜರಿ, ಕೊತ್ತಂಬರಿ, ಬೇಸಿಗೆಗೆ ರಾಜಗಿರಿ. ಸೊಪ್ಪಿನ ಬೀಜವನ್ನು ಒಂದೇ ದಿನ ಬಿತ್ತದೆ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಪಲ್ಯ ಕಡಿಯುವುದಿಲ್ಲ.

ಹುಳದ ಕಾಟಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಸಿಂಪಡಿಸಿರಿ. ಲಿಂಬೆಯ ಚಿಗುರು ತಿನ್ನುವ ಎಳೆಯ ಹುಳವಂತೂ ಥೇಟು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. “ಹಿಕ್ಕಿ ಅಂತ ಬಿಟ್ಟಿದ್ದೆ. ನಾಕ ದಿನಕ್ಕ ಅದು ಎದ್ದು ನಡೀತು, ತಮ್ಮಾ!” ಎಂದರು ಮುತ್ಯಾ. ಒಂದೆರಡು ಗಿಡಗಳಿದ್ದರೆ ಅದನ್ನು ಕೈಯಿಂದ ಆರಿಸಿ ತೆಗೆದರೆ ಸಾಕು.

ಲಿಂಬೆಯ ಗಿಡ

ಈಗ ಮುಖ್ಯ ವಿಷಯ. ನಮ್ಮ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮುತ್ಯಾನ ಹಿತ್ತಲಿನಲ್ಲಿಯೂ ಒಂದು ಲಿಂಬೆ ಗಿಡವಿದೆ. ನೆಟ್ಟವರು ಅವರ ಮನೆಯಾಕೆ. ಆ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅಂದಿನಿಂದ ಮುತ್ಯಾ ದಿನಾಲು ಬೆಳಿಗ್ಗೆ ಒಂದು ಕೊಡ ನೀರನ್ನು ಆ ಗಿಡದ ಬುಡಕ್ಕೆ ಸುರಿಯುತ್ತಿದ್ದರು.

ನಾನು ನೋಡಿದಾಗ ಬುಡದ ತೊಗಟೆಯಿಂದ ಅಂಟು ಸೋರುತ್ತಿತ್ತು, ಎಲೆ ಹಳದಿಯಾಗಿತ್ತು. ಇದು ಅಂಟು ರೋಗವೆಂದು ಹೇಳಿ, ಹಚ್ಚುವ ಔಷಧ ಬರೆದುಕೊಟ್ಟು ಬಂದೆ. ಮೂರು ತಿಂಗಳ ಮೇಲೆ ಹೋದರೆ ಅಂಟು ಮತ್ತೆ ಇಳಿದಿತ್ತು. ತಪ್ಪು ನನ್ನದು. ರೋಗ ನೋಡಿದೆ, ನೀರು ಎಲ್ಲಿ ಬೀಳುತ್ತದೆಂದು ನೋಡಲಿಲ್ಲ. ಈ ರೋಗದ ಬೂಷ್ಟು ಹಸಿ ಮಣ್ಣಿನಲ್ಲಿಯೇ ಇರುತ್ತದೆ. ನೀರು ಕಾಂಡಕ್ಕೆ ತಾಗಿ ನಿಂತರೆ ತೊಗಟೆಯೊಳಗೆ ಇಳಿಯುತ್ತದೆ. ಎರೆ ಮಣ್ಣು ಬೇಗ ಆರದ ಕಾರಣ ದಿನಾಲು ಹಾಕಿದ ಕೊಡ ನೀರೇ ಗಿಡವನ್ನು ಕೊಲ್ಲುತ್ತಿತ್ತು.

ಇದನ್ನು ಅವರಿಗೆ ಹೇಗೆ ಹೇಳಲಿ? 1972ರ ಬರದಲ್ಲಿ ಕಲ್ಲು ಒಡೆಯುವ ಕಾಮಗಾರಿಗೆ ಹೋಗಿ ದಿನ ದೂಡಿದವರು ಅವರು. ನೀರಿಲ್ಲದೆ ಗಿಡ ಸತ್ತದ್ದನ್ನು ಕಂಡವರಿಗೆ ನೀರಿನಿಂದಲೇ ಗಿಡ ಸಾಯುತ್ತದೆಂದರೆ ನಂಬುಗೆ ಬರುವುದು ಕಷ್ಟ. ಅದೂ ಆ ಕೊಡ ಬರೀ ನೀರಿನ ಕೊಡವಾಗಿರಲಿಲ್ಲ.

ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತಿನ ಮೇಲೆ, “ಮುತ್ಯಾ, ನೀರು ಬಿಡಬ್ಯಾಡ್ರಿ ಅನ್ನೂದಿಲ್ಲ. ಬುಡಕ್ಕ ಬ್ಯಾಡ್ರಿ, ಟೊಂಗಿ ತುದಿಯ ನೆರಳು ಬೀಳೂವಲ್ಲಿ ಸುತ್ತಲೂ ಹಾಕ್ರಿ. ಉಣ್ಣೂ ಬೇರು ಅಲ್ಲಿ ಅದಾವ” ಎಂದೆ. ಅವರು ಗಿಡವನ್ನು ನೋಡುತ್ತ ಸುಮ್ಮನೆ ಕುಳಿತರು. ಆಮೇಲೆ, “ಅಂದ್ರ ಇಷ್ಟ ದಿನ ಕಾಲಿಗೆ ನೀರು ಹಾಕತಿದ್ದೆ, ಇನ್ನ ಪ್ರದಕ್ಷಿಣಿ ಹಾಕಬೇಕು. ಅಕಿ ಕೇಳಿದ್ರ ಬಾಳ ನಗತಿದ್ದಳು” ಎಂದರು.

ನಾವು ಮಾಡಿದ ಉಪಚಾರ ಹೀಗಿದೆ:

1. ಕಾಂಡಕ್ಕೆ ತಾಗಿದ ಹಸಿ ಮಣ್ಣು ಸರಿಸಿ ಬುಡಕ್ಕೆ ಬಿಸಿಲು, ಗಾಳಿ ತಾಗುವಂತೆ ಮಾಡಿದೆವು.

2. ಕೊಳೆತ ತೊಗಟೆಯನ್ನು ಹರಿತವಾದ ಚಾಕುವಿನಿಂದ ಆರೋಗ್ಯದ ಭಾಗ ಕಾಣುವವರೆಗೆ ಕೆರೆದು, ಕೆರೆದದ್ದನ್ನು ಸುಟ್ಟೆವು.

3. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕಲಸಿ, ಆಮೇಲೆ ಕೂಡಿಸಿ, ಕಾಂಡಕ್ಕೆ ಎರಡು ಮೂರು ಅಡಿ ಎತ್ತರದವರೆಗೆ ಬಳಿದೆವು. ಇದಕ್ಕೆ ಕಬ್ಬಿಣದ ಪಾತ್ರೆ ಬೇಡ. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆ ಇರಲಿ. ಮೈಲುತುತ್ತ ವಿಷ. ಕೈಚೀಲ ಹಾಕಿಕೊಳ್ಳಿರಿ, ಮಕ್ಕಳಿಗೆ ಸಿಗದಂತೆ ಇಡಿರಿ, ಆ ಪಾತ್ರೆಯನ್ನು ಅಡಿಗೆಗೆ ಬಳಸಬೇಡಿರಿ.

4. ಬುಡದ ಸುತ್ತ ಒಂದು ಒಳಬಳೆ, ಟೊಂಗೆಯ ತುದಿಯ ಕೆಳಗೆ ಒಂದು ಹೊರಬಳೆ ಕಟ್ಟಿ, ನಡುವೆ ಮಾತ್ರ ನೀರು ಬಿಟ್ಟೆವು. ಒಂದು ಗೇಣು ಆಳದ ಮಣ್ಣು ಮುಷ್ಟಿಯಲ್ಲಿ ಉಂಡೆಯಾದರೆ ಆ ದಿನ ನೀರಿಲ್ಲ.

1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟೆಗೆ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಈಗ ನಮ್ಮ ಎಷ್ಟೋ ಹೊಲಗಳಿಗೆ ಕಾಲುವೆಯ ನೀರು ಬಂದಿದೆ. ಹಿತ್ತಲಿನ ಗಿಡಕ್ಕೆ ಹೇಳಿದ ಮಾತೇ ಹೊಲಕ್ಕೂ ಸಲ್ಲುತ್ತದೆ: ನೀರು ಬಂದಾಗಲೆಲ್ಲ ಬಿಡುವುದಲ್ಲ, ಬೇಕಾದಾಗ ಬಿಡಬೇಕು.

ಮನೆಯಲ್ಲಿ ಕೂಡಿ ಕೇಳಿಕೊಳ್ಳಿರಿ

ನಮ್ಮ ಬಚ್ಚಲ ನೀರು ಯಾರ ಬಾಗಿಲಿಗೆ ಹೋಗುತ್ತಿದೆ? ನಮ್ಮ ಲಿಂಬೆಯ ಬುಡ ಹಸಿಯಾಗಿದೆಯೆ, ಒಣಗಿದೆಯೆ? ಈ ವಾರ ಸಂತೆಯಿಂದ ತಂದ ಪಲ್ಯದಲ್ಲಿ ಹಿತ್ತಲಿನಲ್ಲಿಯೇ ಬೆಳೆಯಬಹುದಾದದ್ದು ಯಾವುದು?

ಮುತ್ಯಾನ ಲಿಂಬೆ ಈಗ ಚಿಗುರಿದೆ. ಪೂರ್ತಿ ಉಳಿಯಿತೆಂದು ನಾನು ಇನ್ನೂ ಹೇಳಲಾರೆ; ಇನ್ನೊಂದು ಮಳೆಗಾಲ ದಾಟಬೇಕು. ಬಾಳೆ ಮಾತ್ರ ಗೊನೆ ಹಾಕಿತು. ಆ ಗೊನೆ ಗೋಡೆ ದಾಟಿ ನೆರೆಮನೆಯ ಕಡೆಗೆ ಬಾಗಿತು. “ಗಿಡ ನಂದು, ನೆರಳು ಅವರದು. ಗೊನಿ ಯಾರದು, ಗ್ರಾಮಸೇವಕ?” ಎಂದು ಮುತ್ಯಾ ಕೇಳಿದರು. ನಾನು ಓದಿದ ಡಿಪ್ಲೊಮಾದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರೇ ಅರ್ಧ ಗೊನೆಯನ್ನು ಬುಟ್ಟಿಯಲ್ಲಿಟ್ಟು ಮೊಮ್ಮಗಳ ಕೈಯಲ್ಲಿ ಕಳಿಸಿದರು. ನಮ್ಮ ಕಡೆ ಕೊಟ್ಟ ಬುಟ್ಟಿಯನ್ನು ಬರಿದಾಗಿ ತಿರುಗಿಸುವ ವಾಡಿಕೆಯಿಲ್ಲ. ಸಂಜೆಗೆ ಆ ಬುಟ್ಟಿಯಲ್ಲಿ ನಾಲ್ಕು ಶೇಂಗಾ ಹೋಳಿಗೆ ಬಂದವು.

ಅದರಲ್ಲಿ ಒಂದು ನನ್ನ ಪಾಲಿಗೂ ಬಂತು.