ದೊಡ್ಡ ಪಿಸ್ಟನ್ ಹಾಕಿಸಿದ್ರಾ? ಇಂಧನದ ಸ್ಕ್ರೂ ಮುಟ್ಟೋ ಮುಂಚೆ ಇದನ್ನ ಓದಿ

ರೈತ ಮಿತ್ರರೇ, ಪಂಪ್‌ಸೆಟ್ ಅಥವಾ ಟಿಲ್ಲರ್ ಎಂಜಿನ್ ಸವೆದರೆ ನೀಲಿ ಹೊಗೆ ಬರುತ್ತೆ, ಆಯಿಲ್ ಖಾಲಿಯಾಗುತ್ತೆ, ಎಳೆತ ಕಮ್ಮಿಯಾಗುತ್ತೆ. ಆಗ ಸಿಲಿಂಡರ್ ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸುತ್ತೇವೆ.

ಬೆಂಗಳೂರಿನಲ್ಲಿ ಬಿಡಿಭಾಗ ಬೇಕೆಂದರೆ ಚಾಮರಾಜಪೇಟೆ ಪಕ್ಕದ ಕಲಾಸಿಪಾಳ್ಯ, ಜೆ.ಸಿ. ರಸ್ತೆಗೆ ಹೋಗೋದು ರೂಢಿ. ಹೊರಡುವ ಮುಂಚೆ ಎಂಜಿನ್ನಿನ ನೇಮ್‌ಪ್ಲೇಟ್, ಹಳೇ ಪಿಸ್ಟನ್ ತಲೆ ಮೇಲಿನ ಅಂಕಿ, ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಮೊದಲು ಸಿಲಿಂಡರ್ ಅಳತೆ, ಆಮೇಲೆ ಪಿಸ್ಟನ್ ಖರೀದಿ. ಕೊಂಡ ಪಿಸ್ಟನ್ನನ್ನೇ ವರ್ಕ್‌ಶಾಪಿಗೆ ಕೊಟ್ಟು ಅದರ ಅಳತೆಗೆ ಬೋರ್ ಮಾಡಿಸಿ.

ಈಗ ಮುಖ್ಯ ಪ್ರಶ್ನೆ: ಪಿಸ್ಟನ್ ದೊಡ್ಡದಾಯ್ತಲ್ಲ, ಇಂಧನವನ್ನೂ ಜಾಸ್ತಿ ಮಾಡಬೇಕಾ?

ಲೆಕ್ಕ ಹಾಕಿ ನೋಡಿ. 80 ಮಿ.ಮೀ. ಬೋರ್ 80.5 ಆದರೆ ಎಂಜಿನ್ನಿನ ಸಾಮರ್ಥ್ಯ ಹೆಚ್ಚೋದು ಶೇ. 1.3ರಷ್ಟು ಮಾತ್ರ. 1 ಮಿ.ಮೀ. ದೊಡ್ಡದಾದರೂ ಶೇ. 2.5. ಇಷ್ಟಕ್ಕೆ ಇಂಧನದ ಸೆಟ್ಟಿಂಗ್ ಬದಲಿಸುವ ಅಗತ್ಯವಿಲ್ಲ. ಎಳೆತ ವಾಪಸ್ ಬರೋದು ಹೊಸ ರಿಂಗ್ ಕಂಪ್ರೆಷನ್ ಹಿಡಿಯೋದರಿಂದ, ಹೆಚ್ಚು ಡೀಸೆಲ್ ಸುರಿಯೋದರಿಂದ ಅಲ್ಲ.

ಡೀಸೆಲ್ ಎಂಜಿನ್

ಪಂಪಿನ ಗರಿಷ್ಠ ಇಂಧನದ ಸ್ಕ್ರೂಗೆ ಸೀಲ್ ಇದ್ದರೆ ಒಡೆಯಬೇಡಿ. ಡೀಸೆಲ್ ಜಾಸ್ತಿಯಾದಷ್ಟೂ ಶಾಖ ಜಾಸ್ತಿ. ಹೊಸ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಲೋಡ್ ಮೇಲೆ ಒಂದೇ ಸಮ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್, ಆಮೇಲೆ ನಾಝಲ್ ನೋಡಿಸಿ. ಪಂಪ್ ಸೆಟ್ಟಿಂಗ್ ಬದಲಿಸಲೇಬೇಕಾದರೆ ಅದನ್ನು ಪಂಪ್ ಟೆಸ್ಟ್ ಮಾಡುವ ಬೆಂಚಿನ ಮೇಲೆ ಮಾಡಿಸಿ. ಕಿವಿಯಲ್ಲಿ ಸದ್ದು ಕೇಳಿಕೊಂಡು ತಿರುಗಿಸೋದು ಬೇಡ.

ಪೆಟ್ರೋಲ್ ಎಂಜಿನ್

ಇಲ್ಲಿ ಅಪಾಯ ಉಲ್ಟಾ: ಇಂಧನ ಕಮ್ಮಿಯಾದರೆ ಪಿಸ್ಟನ್ ಸುಡುತ್ತೆ. ಹಾಗಂತ ಸಣ್ಣ ಓವರ್‌ಸೈಜ್‌ಗೆ ಜೆಟ್ ಬದಲಿಸಬೇಕಿಲ್ಲ. ಗಾಳಿ ಹೆಚ್ಚು ಎಳೆದಷ್ಟು ಕಾರ್ಬೊರೇಟರ್ ಪೆಟ್ರೋಲನ್ನೂ ಹೆಚ್ಚು ಕೊಡುತ್ತೆ. ಐಡ್ಲಿಂಗ್ ಸರಿಮಾಡಿದರೆ ಸಾಕು. ಆದರೆ 80ರ ಬೋರನ್ನು 85 ಮಾಡಿದರೆ ಸಾಮರ್ಥ್ಯ ಸುಮಾರು ಶೇ. 13 ಏರುತ್ತೆ. ಅಂಥ ಕಡೆ ಮೇನ್ ಜೆಟ್ ಪರೀಕ್ಷೆ ಮಾಡಲೇಬೇಕು.

ಪರೀಕ್ಷೆ ಹೀಗೆ: ಲೋಡ್ ಕೊಟ್ಟು ಸ್ವಲ್ಪ ಹೊತ್ತು ಓಡಿಸಿ, ಅದೇ ವೇಗದಲ್ಲಿ ಆಫ್ ಮಾಡಿ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ.

- ತಿಳಿ ಕಂದು: ಸರಿಯಾಗಿದೆ.
- ಒಣ ಕಪ್ಪು ಮಸಿ: ಪೆಟ್ರೋಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ.
- ಸುಣ್ಣದಂತೆ ಬಿಳಿ: ಪೆಟ್ರೋಲ್ ಕಮ್ಮಿ. ಕೂಡಲೇ ನಿಲ್ಲಿಸಿ. ಜೆಟ್ಟಿನಲ್ಲಿ ಕಸ ಇದೆಯಾ, ಎಲ್ಲಾದರೂ ಗಾಳಿ ಒಳಗೆ ಹೋಗ್ತಿದೆಯಾ ನೋಡಿ. ಎರಡೂ ಇಲ್ಲದಿದ್ದರೆ ಒಂದು ಸೈಜ್ ದೊಡ್ಡ ಜೆಟ್ ಹಾಕಿ.

ಮೊದಲ ದಿನಗಳು

ಯಾವ ಎಂಜಿನ್ನೇ ಆಗಲಿ, ರಿಂಗ್ ಕೂರೋ ತನಕ ಪೂರ್ತಿ ಲೋಡ್ ಹಾಕಬೇಡಿ. ಮ್ಯಾನ್ಯುಯಲ್ ಹೇಳಿದ ಗಂಟೆಗೆ ಆಯಿಲ್ ಬದಲಿಸಿ. ಸೆಟ್ಟಿಂಗ್ ನಿರ್ಧಾರ ಇದೆಲ್ಲ ಮುಗಿದ ಮೇಲೆ. ಯಾವುದೇ ಸ್ಕ್ರೂ ತಿರುಗಿಸುವ ಮುಂಚೆ ಮಾರ್ಕರ್‌ನಿಂದ ಗೆರೆ ಎಳೆದು ಫೋಟೋ ತೆಗೆದಿಡಿ. ತಪ್ಪಿದರೆ ಮೊದಲಿನ ಜಾಗಕ್ಕೇ ತರಬಹುದು. ಬೆಳೆಗೆ ನೀರು ಬೇಕಾದ ಹೊತ್ತಲ್ಲಿ ಎಂಜಿನ್ ಜಾಮ್ ಆದರೆ ರಿಪೇರಿ ಖರ್ಚಿನ ಜೊತೆ ಫಸಲೂ ಕೈ ಬಿಡುತ್ತೆ.