ಸಕ್ಕರೆಯ ಗುರುತು: ಹುರುಳಿಕಾಳಿನಿಂದ ಗಾಜಿನ ಫಲಕದವರೆಗೆ

ಸಕ್ಕರೆಯೆಂದೊಡನೆ ಕಾಫಿಯೋ ಮಧುಮೇಹವೋ ನೆನಪಾಗುವುದು ಸಹಜ. ಆದರೆ ಜೀವಕೋಶಗಳ ಹೊರಮೈಯನ್ನು ಹೊದ್ದಿರುವ ಸಕ್ಕರೆಯ ಕಿರುಸರಪಳಿಗಳು ಆಹಾರವಲ್ಲ, ಗುರುತುಚೀಟಿಗಳು. ಅವುಗಳನ್ನು ಓದಬಲ್ಲವು ಪ್ರೋಟೀನುಗಳು.

ರಕ್ತದ ಗುಂಪುಗಳೇ ಇದಕ್ಕೆ ನಿದರ್ಶನ. ಕೆಂಪು ರಕ್ತಕಣದ ಮೇಲಿನ ‘ಎಚ್’ ಎಂಬ ಸರಪಳಿಗೆ ಅಸಿಟೈಲ್ ಗ್ಯಾಲಕ್ಟೋಸಮೀನ್ ಸೇರಿದರೆ ‘ಎ’ ಗುಂಪು, ಗ್ಯಾಲಕ್ಟೋಸ್ ಸೇರಿದರೆ ‘ಬಿ’, ಏನೂ ಸೇರದಿದ್ದರೆ ‘ಓ’. ಈ ಎಚ್ ಸರಪಳಿಯೇ ಇಲ್ಲದವರ ವಿಚಾರವನ್ನು ಮುಂಬಯಿಯ ಡಾ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ‘ಬಾಂಬೆ ಗುಂಪು’ ಎಂದೇ ಕರೆಯುತ್ತದೆ. ಕಣಗಳನ್ನಷ್ಟೇ ಪರೀಕ್ಷಿಸಿದರೆ ಇವರ ರಕ್ತ ಓ ಎಂದೇ ತೋರುವುದು. ಆದರೆ ಓ ರಕ್ತ ಕೊಟ್ಟರೆ ಇವರಲ್ಲಿರುವ ಎಚ್-ವಿರೋಧಿ ಪ್ರತಿಕಾಯಗಳು ಅದರ ಕಣಗಳನ್ನು ಒಡೆದು ಪ್ರಾಣಕ್ಕೇ ಸಂಚಕಾರ ತರಬಲ್ಲವು. ಇವರಿಗೆ ಬಾಂಬೆ ಗುಂಪಿನ ರಕ್ತವೇ ಆಗಬೇಕು.

ಇಂಥ ಸಕ್ಕರೆಯನ್ನು ಗುರುತಿಸುವ ಪ್ರೋಟೀನು ಹುರುಳಿಕಾಳಿನಲ್ಲೂ ಉಂಟು! ಅದರ ಸಾರವು ಎ ಗುಂಪಿನ ಕಣಗಳನ್ನು ಗಂಟುಗಟ್ಟಿಸುವುದೆಂದು ಜಿ. ಡಬ್ಲ್ಯು. ಜಿ. ಬರ್ಡ್ 1951ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತಿಳಿಸಿದರು. (ಹುರುಳಿಸಾರನ್ನು ಉಣ್ಣುವವರು ಅಂಜಬೇಕಿಲ್ಲ, ಚೆನ್ನಾಗಿ ಬೆಂದ ಕಾಳಿನಲ್ಲಿ ಈ ಗುಣ ಉಳಿಯದು.)

ಹೀಗೆ ಒಂದೊಂದೇ ಜೋಡಿಯನ್ನು ಹುಡುಕುವ ಬದಲು, ಹಲವಾರು ಸಕ್ಕರೆಗಳನ್ನು ಒಮ್ಮೆಗೇ ಪರೀಕ್ಷಿಸುವ ಫಲಕಗಳು 2002ರ ಸುಮಾರಿಗೆ ಬಂದವು. ಇವನ್ನು ಸಿದ್ಧಪಡಿಸುವ ಒಂದು ವಿಧಾನ ಹೀಗಿದೆ: ರಾಸಾಯನಿಕ ಲೇಪವುಳ್ಳ ಗಾಜಿನ ಪಟ್ಟಿಯ ಮೇಲೆ, ಬಾಲದಲ್ಲಿ ಅಮೀನ್ ಕೊಂಡಿಯಿರುವ ಸಕ್ಕರೆಗಳನ್ನು ಯಂತ್ರದ ಸೂಜಿಗಳು ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ಇಡುತ್ತವೆ. ಪ್ರತಿ ಚುಕ್ಕಿಯೂ ಸಾಸಿವೆಗಿಂತ ಕಿರಿದು. ತೇವವಿರುವ ಪೆಟ್ಟಿಗೆಯಲ್ಲಿಟ್ಟರೆ ಅವು ಗಾಜಿಗೆ ಭದ್ರವಾಗಿ ಬೆಸೆದುಕೊಳ್ಳುತ್ತವೆ. ಉಳಿದ ಜಾಗವನ್ನು ಎಥನಾಲಮೀನ್‌ನಿಂದ ನಿಷ್ಕ್ರಿಯಗೊಳಿಸದಿದ್ದರೆ ಪ್ರೋಟೀನು ಕಂಡಕಂಡಲ್ಲಿ ಅಂಟಿ ಪರೀಕ್ಷೆ ಕೆಡುವುದು. ಬಳಿಕ ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನನ್ನು ಹರಡಿ, ತೊಳೆದು, ಲೇಸರ್ ಬೆಳಕಿನಲ್ಲಿ ನೋಡಿದರೆ ಹಿಡಿತ ಬಿದ್ದ ಚುಕ್ಕಿಗಳು ಬೆಳಗುತ್ತವೆ.

ತೊಡಕೂ ಇಲ್ಲದಿಲ್ಲ. ಒಂಟಿ ಸಕ್ಕರೆಯ ಮೇಲೆ ಪ್ರೋಟೀನಿನ ಹಿಡಿತ ಬಹುಮಟ್ಟಿಗೆ ಸಡಿಲ. ಒತ್ತಾಗಿ ನಿಂತ ಹಲವನ್ನು ಕೂಡಿಯೇ ಹಿಡಿದಾಗ ಬಿಗಿ. ಸಕ್ಕರೆ ವಿರಳವಾದರೆ ಇರುವ ನಂಟೂ ಕಾಣದೆ ಹೋದೀತು. ಒಂದೇ ಸಕ್ಕರೆಯನ್ನು ಹಲವು ಸಾಂದ್ರತೆಗಳಲ್ಲಿ ಇಡುವುದೂ, ಹುರುಳಿಯದರಂಥ ಪರಿಚಿತ ಪ್ರೋಟೀನಿನಿಂದ ಫಲಕವನ್ನು ಮೊದಲು ಒರೆಗೆ ಹಚ್ಚುವುದೂ ಇದಕ್ಕಾಗಿಯೇ.

ಫ್ಲೂ ವೈರಾಣು ಕೂಡ ಸಕ್ಕರೆಯನ್ನು ಹಿಡಿದೇ ಜೀವಕೋಶದೊಳಕ್ಕೆ ನುಗ್ಗುತ್ತದೆ. ಹಕ್ಕಿಜ್ವರದ ವೈರಾಣುವಿಗೆ ಸಾಮಾನ್ಯವಾಗಿ 2–3 ಕೊಂಡಿಯ ಸಿಯಾಲಿಕ್ ಆಮ್ಲ ಹಿತ. ಮನುಷ್ಯರಲ್ಲಿ ಹರಡುವುದಕ್ಕೆ 2–6 ಕೊಂಡಿಯದು. ಹಕ್ಕಿಯ ವೈರಾಣು ಮನುಷ್ಯನ ಕಡೆಗೆ ಒಲವು ತಿರುಗಿಸುತ್ತಿದೆಯೇ ಎಂಬುದನ್ನು ವಿಜ್ಞಾನಿಗಳು ಇಂಥ ಫಲಕಗಳ ಮೇಲೆಯೇ ಪರೀಕ್ಷಿಸಿ ನೋಡುತ್ತಾರೆ.